ಒಂದು ಗುಂಟೆ, ಹತ್ತು ಭಾನುವಾರ: ಊರಲ್ಲೇ ಬೇಸಾಯದ ಪಾಠಶಾಲೆ ನಡೆಸೋದು ಹೇಗೆ?



ಯುಗಾದಿ ಆಸುಪಾಸಿನಲ್ಲಿ ದಾಬಸ್‌ಪೇಟೆ ಸುತ್ತಮುತ್ತ ಹೊಲಗಳು ಖಾಲಿ ಇರುತ್ತವೆ. ರಾಗಿ ಕಣ ಮುಗಿದು ಹುಲ್ಲು ಮೆದೆ ಸೇರಿರುತ್ತೆ, ಅವರೆ ಕಾಲ ಮುಗಿದಿರುತ್ತೆ, ಹೊಂಗೆ ಚಿಗುರಿರುತ್ತೆ. ಹಳೇ ಮೈಸೂರು ಕಡೆಯ ಹಿರಿಯರು ಈ ಸಮಯದಲ್ಲೇ ಹೊನ್ನಾರು ಹೂಡಿ ವರ್ಷದ ಬೇಸಾಯ ಶುರು ಮಾಡ್ತಿದ್ರು. ಅಲ್ಲಿಂದ ಮುಂಗಾರು ಬಿತ್ತನೆಗೆ ಸುಮಾರು ಎರಡೂವರೆ ತಿಂಗಳು. ಮಕ್ಕಳಿಗೂ ಬೇಸಿಗೆ ರಜೆ. ಒಟ್ಟಿಗೆ ಕೂತು ಕಲಿಯೋದಕ್ಕೆ ಇದಕ್ಕಿಂತ ಒಳ್ಳೆ ಕಾಲ ವರ್ಷದಲ್ಲಿ ಇನ್ನೊಂದಿಲ್ಲ.

ಕಲಿಯೋ ಅಗತ್ಯ ಏನಿದೆ, ನಾವು ರೈತರ ಮಕ್ಕಳೇ ಅಲ್ವಾ ಅಂತ ಕೇಳಬಹುದು. ಹೌದು. ಆದ್ರೆ ಸೋಂಪುರ ಕೈಗಾರಿಕಾ ಪ್ರದೇಶ ಬೆಳೆದ ಮೇಲೆ ನಮ್ಮ ಹೋಬಳಿಯ ಬಹಳ ಮನೆಗಳಲ್ಲಿ ಹುಡುಗರು ಶಿಫ್ಟ್ ಕೆಲಸಕ್ಕೆ ಹೋಗ್ತಾರೆ, ಹೊಲ ಅಪ್ಪ ಅಮ್ಮನ ಪಾಲಿಗೆ ಉಳಿದಿದೆ. ಜಮೀನಿನ ಪಹಣಿ ಮೊಬೈಲಲ್ಲಿ ತೆಗೆಯೋದು ನಮಗೆ ಗೊತ್ತು. ಅದೇ ಜಮೀನಿನ ಮಣ್ಣಲ್ಲಿ ಮರಳೆಷ್ಟು, ಜೇಡಿಯೆಷ್ಟು ಅಂದ್ರೆ ಗೊತ್ತಿಲ್ಲ. ಗೊತ್ತಿಲ್ಲದ ಕೆಲಸ ಯಾವಾಗ್ಲೂ ನಷ್ಟದ ಕೆಲಸದ ಹಾಗೇ ಕಾಣುತ್ತೆ. ಜಮೀನು ಕೇಳಿಕೊಂಡು ಬರೋರು ಮಾತ್ರ ವಾರಕ್ಕೊಬ್ಬರು ಇದ್ದೇ ಇರ್ತಾರೆ. ಮಾರಬೇಡಿ ಅಂತ ನಾನು ಹೇಳಲ್ಲ, ಒಂದೊಂದು ಮನೆಯ ಕಷ್ಟ ಒಂದೊಂದು ಥರ. ಆದ್ರೆ ಗೊತ್ತಿದ್ದು ಮಾರೋದು ಬೇರೆ, ಗೊತ್ತಿಲ್ಲದೆ ಮಾರೋದು ಬೇರೆ. ನಿರ್ಧಾರ ಮಾಡೋ ಮುಂಚೆ ಒಂದು ಹಂಗಾಮಾದ್ರೂ ಕಲಿತು ನೋಡಿ ಅನ್ನೋದು ನನ್ನ ಮಾತು.

ಈ ವಾರ ಅದಕ್ಕೊಂದು ದಾರಿ ಹೇಳ್ತೀನಿ. ಒಂದು ಗುಂಟೆ ಜಾಗ, 15–20 ಜನ, ಹತ್ತು ಭಾನುವಾರ. ತೋಟಗಾರಿಕೆ ಪದವಿ ಓದಿ ಈಗ ಸಾವಯವ ತರಕಾರಿ ಬೆಳೀತಿರೋ ನನಗೆ, ತರಗತಿಯಲ್ಲಿ ಓದಿದ್ದಕ್ಕೂ ಹೊಲದಲ್ಲಿ ನೋಡಿದ್ದಕ್ಕೂ ಸೇತುವೆ ಆಗಿದ್ದು ಇಂಥ ಗುಂಪು ಕಲಿಕೆಯೇ.

ಈ ಪದ್ಧತಿ ಎಲ್ಲಿಂದ ಬಂತು?

1989ರಲ್ಲಿ ಇಂಡೋನೇಷ್ಯಾದಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ 'ರೈತ ಕ್ಷೇತ್ರ ಪಾಠಶಾಲೆ' ಶುರುವಾಯ್ತು. ಅಲ್ಲಿ ಭತ್ತಕ್ಕೆ ಕಂದು ಜಿಗಿ ಹುಳುವಿನ ಕಾಟ ವಿಪರೀತ ಆಗಿತ್ತು. ಔಷಧಿ ಹೊಡೆದಷ್ಟೂ ಹುಳು ಹೆಚ್ಚಾಗ್ತಿತ್ತು, ಯಾಕಂದ್ರೆ ಅದನ್ನು ತಿನ್ನೋ ಜೇಡ, ಮಿತ್ರ ಕೀಟಗಳು ಮೊದಲು ಸಾಯ್ತಿದ್ವು. 1986ರಲ್ಲೇ ಆ ಸರ್ಕಾರ ಭತ್ತಕ್ಕೆ ಬಳಸ್ತಿದ್ದ 57 ಕೀಟನಾಶಕಗಳನ್ನು ನಿಷೇಧಿಸಿತ್ತು. ಆದ್ರೆ ನಿಷೇಧದಿಂದ ಮಾತ್ರ ಕೆಲಸ ಆಗಲ್ಲ, ರೈತರೇ ಹುಳು ನೋಡಿ ಗುರುತಿಸಿ ತೀರ್ಮಾನ ಮಾಡಬೇಕು ಅಂತ ವಾರಕ್ಕೊಮ್ಮೆ ಗದ್ದೆಯಲ್ಲೇ ಸೇರೋ ಪಾಠ ಆರಂಭ ಆಯ್ತು. ಭಾಷಣ ಕಡಿಮೆ, ಬೆಳೆಯೇ ಪುಸ್ತಕ. ಮುಂದೆ ಇದು ಭಾರತವೂ ಸೇರಿ ಹಲವು ದೇಶಗಳಿಗೆ ಹರಡಿತು.

ನಮ್ಮ ಕಡೆಗೂ ಕೃಷಿ ಶಿಕ್ಷಣ ಹೊಸದಲ್ಲ. 1899ರಲ್ಲಿ ಮೈಸೂರಿನ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ಹೆಬ್ಬಾಳದಲ್ಲಿ 30 ಎಕರೆ ಜಾಗ ಕೊಟ್ಟಿದ್ದರಿಂದ ಕೃಷಿ ಪ್ರಯೋಗಗಳು ಶುರುವಾದವು. 1913ರಲ್ಲಿ ಅಲ್ಲೇ ಕೃಷಿ ಶಾಲೆ, 1946ರಲ್ಲಿ ಕೃಷಿ ಕಾಲೇಜು, 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯ. ನಮ್ಮ ಜಿಲ್ಲೆಗೆ ದೊಡ್ಡಬಳ್ಳಾಪುರ ತಾಲ್ಲೂಕಿನ ಹಾಡೋನಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ಅದೇ ತಾಲ್ಲೂಕಿನ ಸಾವಯವ ಕೃಷಿಕ ಎಲ್. ನಾರಾಯಣ ರೆಡ್ಡಿ ಅವರು 2019ರ ಜನವರಿಯಲ್ಲಿ ತೀರಿಕೊಳ್ಳುವ ತನಕ ತಮ್ಮ ತೋಟವನ್ನೇ ಪಾಠಶಾಲೆ ಮಾಡಿಕೊಂಡಿದ್ದರು. ಇಷ್ಟೆಲ್ಲ ಇದ್ದೂ ಕೊರತೆ ಇರೋದು ಒಂದೇ ಕಡೆ: ನಮ್ಮ ಊರ ಒಳಗೆ, ನಡೆದು ಹೋಗುವಷ್ಟು ದೂರದಲ್ಲಿ.

ಜಾಗ, ಜನ, ಸಮಯ

*ಜಾಗ:* ಶಾಲೆ ಆವರಣ, ಅಂಗನವಾಡಿ ಹಿಂದಿನ ಖಾಲಿ ಜಾಗ, ಯಾರದ್ದಾದ್ರೂ ಹಿತ್ತಲು, ಯಾವುದಾದ್ರೂ ಆಗುತ್ತೆ. ಶಾಲೆಯಾದ್ರೆ ಮುಖ್ಯ ಶಿಕ್ಷಕರನ್ನೂ ಎಸ್‌ಡಿಎಂಸಿಯವರನ್ನೂ ಕೇಳಿ ಬರವಣಿಗೆಯಲ್ಲಿ ಒಪ್ಪಿಗೆ ತಗೊಳ್ಳಿ. ನೀರು ಹತ್ತಿರ ಇರಬೇಕು, ದಿನಕ್ಕೆ ಕನಿಷ್ಠ 6 ಗಂಟೆ ಬಿಸಿಲು ಬೀಳಬೇಕು, ಕುರಿ ಮೇಕೆಗೆ ಅಡ್ಡ ಬೇಲಿ ಇರಬೇಕು.

*ಜನ:* 15ರಿಂದ 20 ಜನ ಸಾಕು. 25 ದಾಟಿದ್ರೆ ಹಿಂದಿನವರಿಗೆ ಗಿಡ ಕಾಣಲ್ಲ. ಬರೀ ಹುಡುಗರನ್ನೇ ಸೇರಿಸಬೇಡಿ. ಬೀಜ, ಸೊಪ್ಪು, ಕಳೆ ವಿಷಯ ಗೊತ್ತಿರೋದು ಹೆಚ್ಚಾಗಿ ಹೆಂಗಸರಿಗೆ. ಸ್ತ್ರೀಶಕ್ತಿ ಸಂಘದಿಂದ ನಾಲ್ಕೈದು ಜನ ಇರಲಿ, ಊರಿನ ಇಬ್ಬರು ಅಜ್ಜಿಯರು ಇರಲೇಬೇಕು.

*ಸಮಯ:* ಭಾನುವಾರ ಬೆಳಗ್ಗೆ 7ರಿಂದ 8.30. ರಾತ್ರಿ ಶಿಫ್ಟ್ ಮುಗಿಸಿ ಬರೋರಿಗೂ ಆಗುತ್ತೆ, ಬಿಸಿಲೂ ಏರಿರಲ್ಲ. ಮಾರ್ಚ್ ಕೊನೆಯ ಭಾನುವಾರ ಶುರು ಮಾಡಿದ್ರೆ ಹತ್ತನೇ ವಾರಕ್ಕೆ ಮೇ ಕೊನೆ. ಅಷ್ಟರಲ್ಲಿ ಅಶ್ವಿನಿ, ಭರಣಿ, ಕೃತ್ತಿಕೆ ಮಳೆಗಳು ಮುಗಿದು ರೋಹಿಣಿ ಹಿಡಿದಿರುತ್ತೆ.

ಹತ್ತು ವಾರದ ಪಾಠ

1ನೇ ವಾರ: ಮಣ್ಣು ಮತ್ತು ಮಡಿ

ಒಂದು ಗುಂಟೆ ಅಂದ್ರೆ 1,089 ಚದರ ಅಡಿ, ಅಂದ್ರೆ 33 ಅಡಿ ಉದ್ದ 33 ಅಡಿ ಅಗಲ. ಅದರಲ್ಲಿ 3 ಅಡಿ ಅಗಲ, 10 ಅಡಿ ಉದ್ದದ 12 ಮಡಿ ಮಾಡಿ. ಮಡಿ ಮಧ್ಯೆ ಒಂದೂವರೆ ಅಡಿ ದಾರಿ. 3 ಅಡಿಗಿಂತ ಅಗಲ ಬೇಡ, ಎರಡೂ ಕಡೆಯಿಂದ ಕೈ ನಡುವಿಗೆ ಎಟುಕಬೇಕು. ಮಿಕ್ಕ ಜಾಗ ಗೊಬ್ಬರದ ಗುಂಡಿಗೆ, ಸಸಿ ತಟ್ಟೆಗೆ, ಕೂತು ಮಾತಾಡೋದಕ್ಕೆ. ಒಂದು ಮಡಿಗೆ ಸುಮಾರು 7 ಕೆ.ಜಿ. ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ ಬೆರೆಸಿ. ಎಕರೆಗೆ 10 ಟನ್ ಅನ್ನೋ ಲೆಕ್ಕವೇ ಇಲ್ಲಿಗೆ ಇಳಿದಾಗ ಇಷ್ಟಾಗುತ್ತೆ.

ಮಣ್ಣಿನ ಗುಣ ನೋಡೋದಕ್ಕೆ ಗಾಜಿನ ಬಾಟಲಿ ಪರೀಕ್ಷೆ ಮಾಡಿ. ನೆಟ್ಟಗಿರೋ ಬಾಟಲಿಗೆ ಮೂರನೇ ಒಂದು ಭಾಗ ಮಣ್ಣು, ಮೇಲೆ ನೀರು, ಚಿಟಿಕೆ ಸೋಪಿನ ಪುಡಿ ಹಾಕಿ ಚೆನ್ನಾಗಿ ಅಲ್ಲಾಡಿಸಿ ಇಡಿ. ಒಂದು ನಿಮಿಷದಲ್ಲಿ ಮರಳು ಕೂರುತ್ತೆ, ಒಂದೆರಡು ಗಂಟೆಯಲ್ಲಿ ಗೋಡು, ಜೇಡಿ ಕೂರೋದಕ್ಕೆ ಒಂದು ದಿನ ಬೇಕು. ಪದರಗಳನ್ನು ಸ್ಕೇಲಿನಿಂದ ಅಳೆದ್ರೆ ಯಾವುದು ಎಷ್ಟು ಭಾಗ ಅಂತ ಕಣ್ಣಿಗೇ ಕಾಣುತ್ತೆ. ಪ್ರತಿಯೊಬ್ಬರೂ ತಮ್ಮ ಹೊಲದ ಮಣ್ಣು ತಂದು ಸಾಲಾಗಿ ಬಾಟಲಿ ಇಟ್ಟು ಹೋಲಿಸಲಿ.

ಪ್ರಯೋಗಾಲಯಕ್ಕೂ ಮಾದರಿ ಕಳಿಸಿ. ಹೊಲದ 10–12 ಕಡೆ ಅಂಕುಡೊಂಕಾಗಿ ನಡೆದು, 6 ಇಂಚು ಆಳಕ್ಕೆ 'ವಿ' ಆಕಾರದ ಗುಂಡಿ ತೆಗೆದು ಅಂಚಿನ ಮಣ್ಣು ಕೆರೆದು ಸೇರಿಸಿ. ಹರಡಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಬಿಸಾಡಿ. ಅರ್ಧ ಕೆ.ಜಿ. ಉಳಿಯುವ ತನಕ ಹೀಗೇ ಮಾಡಿ. ಗೊಬ್ಬರದ ಗುಂಡಿ, ಬದು, ಮರದ ಬುಡದ ಮಣ್ಣು ಬೇಡ. ವರದಿ ಬಂದಾಗ ಮೊದಲು ಸಾವಯವ ಇಂಗಾಲ ನೋಡಿ: 0.5 ಶೇಕಡಾಕ್ಕಿಂತ ಕಡಿಮೆ ಇದ್ರೆ ಕಡಿಮೆ, 0.5ರಿಂದ 0.75 ಮಧ್ಯಮ, ಅದಕ್ಕೂ ಮೇಲಿದ್ರೆ ಒಳ್ಳೇದು.

ಮನೆಗೆ ಹೋಗೋ ಮುಂಚೆ ಪ್ರತಿಯೊಬ್ಬರಿಗೂ ಒಂದೊಂದು ಜಾತಿಯ 100 ಬೀಜ ಎಣಿಸಿ ಕೊಡಿ. ಒದ್ದೆ ಬಟ್ಟೆಯಲ್ಲಿ ಸುತ್ತಿ ಇಟ್ಟು, ದಿನಾ ನೀರು ಚಿಮುಕಿಸಿ, ಮುಂದಿನ ವಾರ ತರಲಿ.

2ನೇ ವಾರ: ಬೀಜ

ಬಟ್ಟೆ ಬಿಚ್ಚಿ ಮೊಳಕೆ ಎಣಿಸಿ. ಪ್ರಮಾಣಿತ ಬೀಜಕ್ಕೆ ಕನಿಷ್ಠ ಮೊಳಕೆ ಎಷ್ಟಿರಬೇಕು ಅಂತ ನಿಯಮ ಇದೆ: ಬೆಂಡೆಗೆ 65, ಟೊಮೆಟೊ ಮತ್ತು ಬದನೆಗೆ 70, ಮೆಣಸಿನಕಾಯಿಗೆ 60, ರಾಗಿಗೆ 75 ಶೇಕಡಾ. ನಿಮ್ಮ ಬೀಜ ಅದಕ್ಕಿಂತ ಕಡಿಮೆ ಬಂದ್ರೆ ಬಿತ್ತುವ ಪ್ರಮಾಣ ಹೆಚ್ಚಿಸಿ, ಅರ್ಧಕ್ಕೂ ಕಡಿಮೆ ಆದ್ರೆ ಬೀಜವೇ ಬದಲಿಸಿ. ಒಂದು ವಾರದ ಈ ಕೆಲಸ ಮುಂಗಾರಿನಲ್ಲಿ ಇಡೀ ಹೊಲ ಉಳಿಸುತ್ತೆ. ಪ್ಯಾಕೆಟ್ಟಿನ ಮೇಲಿನ ದಿನಾಂಕ, ಲಾಟ್ ನಂಬರ್ ಫೋಟೋ ತೆಗೆದು ಬಿಲ್ ಜೊತೆ ಇಟ್ಟುಕೊಳ್ಳೋ ಅಭ್ಯಾಸವೂ ಇವತ್ತೇ ಆಗಲಿ.

ಬಿತ್ತುವ ಬೀಜಕ್ಕೆ ಕೆ.ಜಿ.ಗೆ 4 ಗ್ರಾಂನಂತೆ ಟ್ರೈಕೊಡರ್ಮಾ ಹಚ್ಚಿ ನೆರಳಲ್ಲಿ ಆರಿಸಿ. ಇವತ್ತು ಬಿತ್ತಬೇಕಾದ್ದು: ಬೆಂಡೆ 2 ಮಡಿ, ಅಲಸಂದೆ 1, ಗೋರಿಕಾಯಿ 1, ಮೆಂತ್ಯ–ಸಬ್ಬಸಿಗೆ ಸೇರಿ 1, ಮೂಲಂಗಿ 1. ಬೇಲಿ ಉದ್ದಕ್ಕೆ ಹೀರೆ, ಹಾಗಲ, ಸೋರೆ. ಟೊಮೆಟೊ, ಬದನೆ ಬೀಜ ಸಸಿ ತಟ್ಟೆಗೆ. ಸಸಿ ನೆಡೋಕೆ 2 ಮಡಿ, ಪ್ರಯೋಗಕ್ಕೆ 3 ಮಡಿ, ಬೀಜಕ್ಕೆ ಬಿಡೋಕೆ 1 ಮಡಿ ಖಾಲಿ ಇರಲಿ. ಬೆಂಡೆ ಬೀಜ ಹಿಂದಿನ ರಾತ್ರಿ ನೆನೆಸಿ, ಸಾಲಿಂದ ಸಾಲಿಗೆ ಒಂದೂವರೆ ಅಡಿ, ಗಿಡದಿಂದ ಗಿಡಕ್ಕೆ ಒಂದು ಅಡಿಯಂತೆ ಎರಡೆರಡು ಊರಿ.

3ನೇ ವಾರ: ನೀರಿನ ಲೆಕ್ಕ

ನೆಲಮಂಗಲ ಅಂತರ್ಜಲ ಅತಿಯಾಗಿ ಬಳಕೆಯಾಗಿರೋ ತಾಲ್ಲೂಕು. ಆದ್ರೂ ನಾವು ನೀರನ್ನು ಮೋಟಾರ್ ಓಡಿದ ಗಂಟೆ ಲೆಕ್ಕದಲ್ಲಿ ಮಾತಾಡ್ತೀವಿ, ಲೀಟರ್ ಲೆಕ್ಕದಲ್ಲಿ ಅಲ್ಲ. ಈ ಒಂದು ಸೂತ್ರ ಎಲ್ಲರೂ ಬಾಯಿಪಾಠ ಮಾಡ್ಕೊಳ್ಳಿ: ಒಂದು ಗುಂಟೆ ಮೇಲೆ 1 ಮಿ.ಮೀ. ಮಳೆ ಬಿದ್ರೆ ಸುಮಾರು 100 ಲೀಟರ್ ನೀರು.

ಬೇಸಿಗೆಯಲ್ಲಿ ತರಕಾರಿಗೆ ದಿನಕ್ಕೆ ಹತ್ತಿರ ಹತ್ತಿರ 5 ಮಿ.ಮೀ. ನೀರು ಬೇಕು ಅಂತ ಇಟ್ಕೊಳ್ಳಿ. ನಮ್ಮ 30 ಚದರ ಅಡಿ ಮಡಿಗೆ ಅದು ಸುಮಾರು 14 ಲೀಟರ್, ಅಂದ್ರೆ ಮಡಿಗೆ ದಿನಕ್ಕೆ ಒಂದು ಬಿಂದಿಗೆ. 12 ಮಡಿಗೆ ಸುಮಾರು 170 ಲೀಟರ್. ಗಿಡ ಎಳೆಯದಿದ್ದಾಗ ಇದಕ್ಕಿಂತ ಕಡಿಮೆ ಸಾಕು. ಮಡಿ ಮೇಲೆ ರಾಗಿ ಹುಲ್ಲು ಅಥವಾ ತರಗು ಎರಡು ಇಂಚು ಹೊದಿಸಿ, ಒಂದು ಮಡಿ ಹಾಗೇ ಬಿಡಿ. ಮಧ್ಯಾಹ್ನ ಎರಡು ಮಡಿಯ ಮಣ್ಣೊಳಗೂ ಬೆರಳಿಟ್ಟು ನೋಡಿದ್ರೆ ಹೊದಿಕೆ ಯಾಕೆ ಬೇಕು ಅಂತ ಯಾರೂ ವಿವರಿಸಬೇಕಾಗಿಲ್ಲ.

ನೆಟ್ಟಗಿರೋ ಡಬ್ಬ ಒಂದನ್ನು ಬಯಲಲ್ಲಿಟ್ಟು ಸ್ಕೇಲ್ ಅಂಟಿಸಿದ್ರೆ ಅದೇ ಮಳೆಮಾಪಕ. ಭರಣಿ ಮಳೆ 20 ಮಿ.ಮೀ. ಬಂದ್ರೆ ಗುಂಟೆಗೆ 2,000 ಲೀಟರ್, ನಾಲ್ಕು ದಿನ ನೀರು ಹಾಯಿಸೋ ಹಾಗಿಲ್ಲ. ಬಿದ್ದ ನೀರು ಹರಿದು ಹೋಯ್ತಾ, ಇಂಗಿತಾ ಅನ್ನೋದನ್ನೂ ನೋಡಿ.

ಜೊತೆಗೆ ಒಂದು ಎಚ್ಚರಿಕೆ. ಏಪ್ರಿಲ್, ಮೇ ಮಳೆ ಅಂದ್ರೆ ಗುಡುಗು ಸಿಡಿಲು. ಮೊಬೈಲಲ್ಲಿ 'ದಾಮಿನಿ' ಆ್ಯಪ್ ಹಾಕ್ಕೊಳ್ಳಿ. ಗುಡುಗು ಕೇಳಿದ ತಕ್ಷಣ ಪಾಠ ನಿಲ್ಲಿಸಿ ಕಟ್ಟಡದೊಳಗೆ ಹೋಗಿ, ಮರದ ಕೆಳಗೆ ನಿಲ್ಲಬೇಡಿ.

4ನೇ ವಾರ: ನಂಬೋದು ಬೇಡ, ತೂಕ ಹಾಕೋಣ

ಜೀವಾಮೃತದ ಅಳತೆ ಎಕರೆಗೆ: 200 ಲೀಟರ್ ನೀರು, 10 ಕೆ.ಜಿ. ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕೆ.ಜಿ. ಬೆಲ್ಲ, 2 ಕೆ.ಜಿ. ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಬದುವಿನ ಮಣ್ಣು. ಒಂದು ಗುಂಟೆಗೆ ಇದನ್ನು 40ರಿಂದ ಭಾಗಿಸಿ: 5 ಲೀಟರ್ ನೀರು, 250 ಗ್ರಾಂ ಸಗಣಿ, 125ರಿಂದ 250 ಮಿ.ಲೀ. ಗಂಜಲ, 50 ಗ್ರಾಂ ಬೆಲ್ಲ, 50 ಗ್ರಾಂ ಹಿಟ್ಟು, ಚಿಟಿಕೆ ಮಣ್ಣು. ನೆರಳಲ್ಲಿಟ್ಟು ದಿನಕ್ಕೆರಡು ಸಲ ತಿರುಗಿಸಿ, ಮೂರ್ನಾಲ್ಕು ದಿನ ಬಿಟ್ಟು ಬಳಸಿ.

ನಾನು ನನ್ನ ತೋಟದಲ್ಲಿ ಜೀವಾಮೃತ ಬಳಸ್ತೀನಿ. ಆದ್ರೂ ಗುಂಪಿಗೆ ನಂಬಿ ಅಂತ ಹೇಳಲ್ಲ. ಖಾಲಿ ಇಟ್ಟ 3 ಮಡಿಗೂ ಇವತ್ತು ದಂಟು ಬಿತ್ತಿ. ಪ್ರತಿ ಮಡಿಯನ್ನೂ ಎರಡು ಭಾಗ ಮಾಡಿ, ನಡುವೆ ಒಂದಡಿ ಖಾಲಿ ಬಿಡಿ. ಯಾವ ಅರ್ಧಕ್ಕೆ ಜೀವಾಮೃತ ಅನ್ನೋದನ್ನು ನಾಣ್ಯ ಚಿಮ್ಮಿ ತೀರ್ಮಾನಿಸಿ. ಇಲ್ಲಾಂದ್ರೆ ನಮಗೆ ಗೊತ್ತಿಲ್ಲದ ಹಾಗೇ ಒಳ್ಳೆ ಮಣ್ಣಿನ ಕಡೆಗೇ ಕೈ ಹೋಗುತ್ತೆ. ಅರ್ಧ ಮಡಿಗೆ 70 ಮಿ.ಲೀ. ಜೀವಾಮೃತವನ್ನು ಅರ್ಧ ಬಿಂದಿಗೆ ನೀರಲ್ಲಿ ಬೆರೆಸಿ ಹಾಕಿ, ಇನ್ನರ್ಧಕ್ಕೆ ಅಷ್ಟೇ ಬರೀ ನೀರು. 15 ದಿನ ಬಿಟ್ಟು ಇನ್ನೊಮ್ಮೆ. ಬೀಜ, ದಿನ, ಗೊಬ್ಬರ, ನೀರು ಎಲ್ಲಾ ಒಂದೇ ಇರಬೇಕು, ಬದಲಾಗೋದು ಒಂದೇ ವಿಷಯ. ಫಲಿತಾಂಶ 8ನೇ ವಾರ.

ಮುಂದೆ ಯಾವ ಅಂಗಡಿಯವರು ಯಾವ ಬಾಟಲಿ ತೋರಿಸಿದ್ರೂ ಇದೇ ವಿಧಾನದಲ್ಲಿ ಒಂದು ಸಾಲಿಗೆ ಹಾಕಿ ನೋಡಿ, ಆಮೇಲೆ ಹೊಲಕ್ಕೆ ಹಾಕಿ.

5ನೇ ವಾರ: ಹುಳು ನೋಡೋ ಕಣ್ಣು

ನಾಲ್ಕು ಗುಂಪು ಮಾಡಿ. ಪ್ರತಿ ಗುಂಪೂ ಐದು ಗಿಡ ನೋಡಿ ಎಲೆ ಎಷ್ಟು, ಎಲೆ ಹಿಂದೆ ಯಾವ ಹುಳು ಎಷ್ಟು, ತಿನ್ನೋ ಹುಳು ಯಾವುದು, ಮಿತ್ರ ಹುಳು ಯಾವುದು ಅಂತ ಬರೆಯಲಿ. ದೊಡ್ಡ ಹಾಳೆಯಲ್ಲಿ ನಡುವೆ ಗಿಡದ ಚಿತ್ರ, ಎಡಕ್ಕೆ ಶತ್ರು, ಬಲಕ್ಕೆ ಮಿತ್ರ, ಮೇಲೆ ಹವಾಮಾನ, ಕೆಳಗೆ ಮಣ್ಣಿನ ತೇವ. ಆಮೇಲೆ ಒಂದೇ ಪ್ರಶ್ನೆ: ಈ ವಾರ ಏನಾದ್ರೂ ಮಾಡಬೇಕಾ, ಸುಮ್ಮನಿರಬೇಕಾ? 'ಸುಮ್ಮನಿರೋದು' ಕೂಡ ಒಂದು ತೀರ್ಮಾನ ಅಂತ ಕಲಿಯೋದೇ ಈ ಪಾಠದ ಸಾರ.

ಮಕ್ಕಳಿಗೆ ಬಾಟಲಿ ಆಟ ಇಷ್ಟ ಆಗುತ್ತೆ. ಸಸ್ಯಹೇನು ಇರೋ ಅಲಸಂದೆ ಕುಡಿಯನ್ನು ಬಾಟಲಿಗೆ ಹಾಕಿ, ಹೇನು ಎಣಿಸಿ, ಒಂದು ಗುಲಗಂಜಿ ಹುಳು ಬಿಡಿ, ಬಾಯಿಗೆ ತೆಳು ಬಟ್ಟೆ ಕಟ್ಟಿ. ಮರುದಿನ ಮತ್ತೆ ಎಣಿಸಿ. ಒಂದು ದಿನದಲ್ಲಿ ಎಷ್ಟು ತಿಂತು ಅಂತ ನೋಡಿದ ಮಗು ಆ ಹುಳುವನ್ನು ಇನ್ನು ಹೊಸಕಿ ಹಾಕಲ್ಲ.

2018ರಲ್ಲಿ ಮುಸುಕಿನ ಜೋಳಕ್ಕೆ ಬಂದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಕಾಣಿಸಿಕೊಂಡಿದ್ದು ನಮ್ಮ ಕರ್ನಾಟಕದಲ್ಲೇ. ಅದು ಅಜ್ಜನಿಗೂ ಗೊತ್ತಿರಲಿಲ್ಲ. ಹೊಸ ಹುಳು ಬಂದಾಗ ಮೊದಲು ಗುರುತಿಸೋದು ವಾರವಾರ ಗಿಡ ನೋಡೋ ಅಭ್ಯಾಸ ಇರೋ ಊರು.

6ನೇ ವಾರ: ಸಸಿ ನಾಟಿ ಮತ್ತು ಬಲೆಗಳು

ಟೊಮೆಟೊ, ಬದನೆ ಸಸಿಗೆ ಈಗ 25 ದಿನ ದಾಟಿರುತ್ತೆ. ನಾಟಿಗೆ ಮೂರ್ನಾಲ್ಕು ದಿನ ಮುಂಚೆ ನೀರು ಕಡಿಮೆ ಮಾಡಿ, ಬಿಸಿಲಿಗೆ ಒಗ್ಗಿಸಿ, ಸಂಜೆ ಹೊತ್ತು ನೆಡಿ. ಹಳದಿ ಅಂಟು ಹಾಳೆ ಬಿಳಿ ನೊಣಕ್ಕೆ, ಹೀರೆ–ಹಾಗಲಕ್ಕೆ ಹಣ್ಣು ನೊಣದ ಬಲೆ. ಬಲೆಯಲ್ಲಿ ಬಿದ್ದಿದ್ದನ್ನು ವಾರವಾರ ಎಣಿಸಿ ಬರೆಯಿರಿ, ಸಂಖ್ಯೆ ಏರ್ತಿದ್ರೆ ಅದೇ ಮುನ್ಸೂಚನೆ. ನೊಣ ಚುಚ್ಚಿದ ಕಾಯಿಯನ್ನು ಬದುವಿಗೆ ಎಸೆಯೋದು ಬೇಡ, ಅಲ್ಲೇ ಮತ್ತೆ ನೊಣ ಹುಟ್ಟುತ್ತೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿಲಿಗಿಡಿ.

7ನೇ ವಾರ: ಲೇಬಲ್ ಓದೋದು

ನೀವು ಸಾವಯವ ಮಾಡಿದ್ರೂ, ಮಾಡದಿದ್ರೂ ಈ ಪಾಠ ಬೇಕು. ಕೀಟನಾಶಕ ಡಬ್ಬದ ಮೇಲಿನ ತ್ರಿಕೋನದ ಬಣ್ಣ ವಿಷದ ಮಟ್ಟ ಹೇಳುತ್ತೆ: ಕೆಂಪು ಅತ್ಯಂತ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಹಸಿರು ಅಂದ್ರೆ ಸಾವಯವ ಅಂತಲ್ಲ! ಯಾವ ಬೆಳೆಗೆ, ಯಾವ ಹುಳುವಿಗೆ, ಎಷ್ಟು ಪ್ರಮಾಣ, ಸಿಂಪಡಿಸಿ ಎಷ್ಟು ದಿನ ಬಿಟ್ಟು ಕೊಯ್ಯಬೇಕು, ಈ ನಾಲ್ಕೂ ಲೇಬಲ್ಲಿನಲ್ಲಿ ಹುಡುಕಿ ಓದಿಸಿ. ಖಾಲಿ ಡಬ್ಬ ಮನೆ ಬಳಕೆಗೆ ತರಬಾರದು.

ಜೊತೆಗೆ ಬೇವಿನ ಬೀಜದ ಕಷಾಯ ಮಾಡಿ: ಒಂದು ಲೀಟರಿಗೆ 50 ಗ್ರಾಂ ಬೀಜದ ತಿರುಳಿನ ಪುಡಿ, ರಾತ್ರಿ ನೆನೆಸಿ, ಬೆಳಗ್ಗೆ ಸೋಸಿ, ಸ್ವಲ್ಪ ಸೋಪು ಬೆರೆಸಿ ಸಂಜೆ ಸಿಂಪಡಿಸಿ.

8ನೇ ವಾರ: ತೂಕ ಮತ್ತು ಲೆಕ್ಕ

ದಂಟು 28 ದಿನಕ್ಕೆ ಬಂದಿದೆ. ಆರು ಅರ್ಧ ಮಡಿಗಳನ್ನೂ ಬೇರೆ ಬೇರೆ ಕಿತ್ತು, ಮಣ್ಣು ಕೊಡವಿ ತೂಕ ಹಾಕಿ. ಮೂರು ಮಡಿಯಲ್ಲೂ ಜೀವಾಮೃತದ ಅರ್ಧವೇ ಹೆಚ್ಚು ತೂಗಿದ್ರೆ ಒಳ್ಳೆ ಸೂಚನೆ. ಒಂದರಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಬಂದ್ರೆ 'ಇನ್ನೂ ಗೊತ್ತಾಗಿಲ್ಲ' ಅಂತ ಬರೆದು ಮತ್ತೊಮ್ಮೆ ಮಾಡಿ. ಫಲಿತಾಂಶ ಏನೇ ಬರಲಿ, ಗೋಡೆ ಮೇಲೆ ಬರೆಯಿರಿ.

ಆಮೇಲೆ ದುಡ್ಡಿನ ಲೆಕ್ಕ. ಬೀಜ, ಗೊಬ್ಬರ, ನೀರು, ಜೊತೆಗೆ ನಿಮ್ಮ ಕೂಲಿ. ನಾವು ಮರೆಯೋದು ಇದನ್ನೇ. ಉದಾಹರಣೆಗೆ ಒಂದು ಮಡಿಯಿಂದ 6 ಕೆ.ಜಿ. ದಂಟು ಬಂತು, ಕೆ.ಜಿ.ಗೆ 20 ರೂಪಾಯಿ ಸಿಕ್ತು ಅಂದ್ಕೊಳ್ಳಿ: 120 ರೂಪಾಯಿ. ಆ ಮಡಿಗೆ ಒಟ್ಟು ಎರಡು ಗಂಟೆ ಕೆಲಸ, 20 ರೂಪಾಯಿ ಖರ್ಚು ಆಗಿದ್ರೆ ಗಂಟೆಗೆ 50 ರೂಪಾಯಿ ಬಿತ್ತು. ಫ್ಯಾಕ್ಟರಿಯಲ್ಲಿ ಗಂಟೆಗೆ ಎಷ್ಟು ಬೀಳುತ್ತೆ? ಪಕ್ಕದಲ್ಲೇ ಬರೆಯಿರಿ. ಅದೇ ಸೊಪ್ಪನ್ನು ಕಂತೆ ಕಟ್ಟಿ ನೇರ ಮನೆಗಳಿಗೆ ಕೊಟ್ರೆ ಎಷ್ಟು ಅಂತಲೂ ಬರೆಯಿರಿ.

"ಅಣ್ಣ, ನಮ್ಮದು ಎರಡೆಕರೆ ಇದೆ, ಕೆಲಸಾನೂ ಬಿಡಕ್ಕಾಗಲ್ಲ, ಹೊಲಾನೂ ಬಿಡಕ್ಕಾಗಲ್ಲ, ಏನು ಮಾಡ್ಲಿ?" ಅಂತ ನನ್ನನ್ನು ಕೇಳೋ ಹುಡುಗರು ಬಹಳ. ನನ್ನ ಹತ್ರ ಸಿದ್ಧ ಉತ್ತರ ಇಲ್ಲ, ಈ ಹಾಳೆ ಇದೆ. ಯಾವ ಬೆಳೆ ಗಂಟೆಗೆ ಎಷ್ಟು ಕೊಡುತ್ತೆ, ಯಾವ ಕೆಲಸ ಭಾನುವಾರ ಮಾಡಬಹುದು, ಯಾವುದಕ್ಕೆ ದಿನಾ ಆಳು ಬೇಕು ಅಂತ ಬರೆದು ಮನೆಯವರ ಮುಂದೆ ಇಡಿ. ಕೆಲವರಿಗೆ ಎರಡೆಕರೆಗೂ ತರಕಾರಿ ಆಗಲ್ಲ. ಹತ್ತು ಗುಂಟೆ ತರಕಾರಿ, ಮಿಕ್ಕಿದ್ದು ರಾಗಿ, ಬದುವಿನಲ್ಲಿ ಹುಣಸೆ, ನುಗ್ಗೆ ಅನ್ನೋ ಲೆಕ್ಕ ಕೂಡಬಹುದು.

9ನೇ ವಾರ: ಅಜ್ಜಿಯರ ಬೀಜದ ಪಾಠ

ಇವತ್ತು ಮೇಷ್ಟ್ರು ನಾವಲ್ಲ, ಅಜ್ಜಿಯರು. ಸೋರೆ, ಹೀರೆ, ಅವರೆ, ದಂಟಿನ ಬೀಜ ಯಾವ ಗಿಡದಿಂದ, ಎಷ್ಟನೇ ಕಾಯಿಂದ ತೆಗೀತಾರೆ, ಬೂದಿ ಎಷ್ಟು ಬೆರೆಸ್ತಾರೆ, ಬೇವಿನ ಸೊಪ್ಪು ಎಲ್ಲಿ ಹಾಕ್ತಾರೆ ಅಂತ ಹೇಳಿಸಿ, ಒಪ್ಪಿದ್ರೆ ಧ್ವನಿ ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ. ಈ ತಿಳಿವಳಿಕೆ ಯಾವ ಪ್ಯಾಕೆಟ್ಟಿನಲ್ಲೂ ಸಿಗಲ್ಲ, ಕೇಳದೇ ಬಿಟ್ರೆ ಅವರ ಜೊತೆಗೇ ಹೋಗುತ್ತೆ.

ಯಾವ ಬೀಜ ಇಟ್ಟುಕೊಳ್ಳಬಹುದು, ಯಾವುದು ಆಗಲ್ಲ ಅನ್ನೋದೂ ಗೊತ್ತಿರಲಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಅರ್ಕಾ ಅನಾಮಿಕ' ಬೆಂಡೆ ಒಂದು ತಳಿ, ಅದರ ಬೀಜ ಇಟ್ಟರೆ ಅದೇ ಬರುತ್ತೆ. ಆದ್ರೆ ಹತ್ತಿರದಲ್ಲಿ ಬೇರೆ ಬೆಂಡೆ ಇದ್ರೆ ಮೊಗ್ಗಿಗೆ ತೆಳು ಬಟ್ಟೆ ಚೀಲ ಕಟ್ಟಬೇಕು. ಅದೇ ಸಂಸ್ಥೆಯ 'ಅರ್ಕಾ ರಕ್ಷಕ್' ಟೊಮೆಟೊ ಹೈಬ್ರಿಡ್, ಅದರ ಬೀಜ ಇಟ್ಟರೆ ಮುಂದಿನ ಸಲ ಗಿಡಗಳು ಒಂದೊಂದು ಥರ ಬರ್ತವೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಪ್ರಕಾರ ರೈತರು ತಮ್ಮ ಹೊಲದ ಬೀಜ ಉಳಿಸಬಹುದು, ಬಿತ್ತಬಹುದು, ಹಂಚಬಹುದು, ಮಾರಲೂಬಹುದು. ಬ್ರ್ಯಾಂಡ್ ಹೆಸರು ಹಾಕಿ ಮಾತ್ರ ಮಾರುವಂತಿಲ್ಲ.

10ನೇ ವಾರ: ತೋಟದಿಂದ ಹೊಲಕ್ಕೆ

ಬೆಂಡೆ ಕೊಯ್ಲು ಶುರುವಾಗಿರುತ್ತೆ. ಅದನ್ನೂ ಅಲಸಂದೆಯನ್ನೂ ಹಾಕಿ ಹುಳಿ, ಜೊತೆಗೆ ಮುದ್ದೆ ಮಾಡಿ, ಎಲ್ಲರೂ ಕೂತು ಉಣ್ಣಿ. ಆಮೇಲೆ ಮುಂಗಾರಿನ ಅಕ್ಕಡಿ ಸಾಲಿನ ಯೋಜನೆ ಹಾಕಿ. ರಾಗಿ ಎಂಟು ಸಾಲಿಗೆ ತೊಗರಿ ಎರಡು ಸಾಲು, ಅಥವಾ ಎಂಟು ಸಾಲಿಗೆ ಅವರೆ ಒಂದು ಸಾಲು. ಅಂಚಿಗೆ ಹುಚ್ಚೆಳ್ಳು, ಜೋಳ, ಹರಳು. ನಮ್ಮ ತಾತಂದಿರು ಕೂರಿಗೆ ಹಿಂದೆ ಸಡ್ಡೆ ಕಟ್ಟಿ ಬಿತ್ತಿದ್ದು ಸುಮ್ಮನೆ ಅಲ್ಲ. ಅವರೆ, ತೊಗರಿ ಬೇರು ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತೆ, ರಾಗಿ ಬೇರು ಮೇಲೆ ಇದ್ರೆ ತೊಗರಿ ಬೇರು ಆಳಕ್ಕೆ ಇಳಿಯುತ್ತೆ, ಹುಚ್ಚೆಳ್ಳು ಹೂವಿಗೆ ಜೇನು ಬರುತ್ತೆ, ಮಳೆ ಕೈಕೊಟ್ರೂ ಒಂದಾದ್ರೂ ಕೈ ಹಿಡಿಯುತ್ತೆ. ಪ್ರತಿಯೊಬ್ಬರೂ ತಮ್ಮ ಹೊಲದ ನಕ್ಷೆ ಬರೆದು ಯಾವ ಸಾಲಿಗೆ ಏನು ಅಂತ ಗುರುತು ಹಾಕಲಿ.

ಮೊಬೈಲ್ ಹೇಗೆ ಬಳಸೋದು?

ವಾಟ್ಸಾಪ್ ಗುಂಪಿಗೆ 'ಈ ಎಲೆಗೆ ಏನಾಗಿದೆ' ಅಂತ ಒಂದು ಮಸುಕು ಫೋಟೋ ಹಾಕಿದ್ರೆ ಹತ್ತು ಜನ ಹತ್ತು ಔಷಧಿ ಹೇಳ್ತಾರೆ. ಗುಂಪಿನ ನಿಯಮ ಹೀಗಿರಲಿ:

- ಮೂರು ಫೋಟೋ: ಇಡೀ ಗಿಡ, ಎಲೆಯ ಹಿಂಭಾಗ, ಪಕ್ಕದಲ್ಲಿ ನಾಣ್ಯ ಇಟ್ಟು ಹತ್ತಿರದಿಂದ.
- ಜೊತೆಗೆ ಬರೆಯಬೇಕಾದ್ದು: ಬೆಳೆ, ಬಿತ್ತಿದ ದಿನ, ಎಷ್ಟು ಗಿಡಕ್ಕೆ ಬಂದಿದೆ, ಇತ್ತೀಚೆಗೆ ಏನು ಹಾಕಿದ್ರಿ.
- ಉತ್ತರ ಹೇಳುವವರು ತಮ್ಮ ಹೊಲದಲ್ಲಿ ನೋಡಿದ್ದಾ, ಕೇಳಿದ್ದಾ ಅಂತ ಹೇಳಬೇಕು.
- ಯೂಟ್ಯೂಬ್ ವಿಡಿಯೋ ಹಾಕೋರು ಅದು ಯಾವ ಊರಿನ, ಯಾವ ಮಣ್ಣಿನ ಕಥೆ ಅಂತಲೂ ಬರೆಯಬೇಕು.

ಗುಂಪಿಗೆ ಬಗೆಹರಿಯದ್ದನ್ನು ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಕೇಳಿ, ಕನ್ನಡದಲ್ಲೇ ಉತ್ತರ ಸಿಗುತ್ತೆ. ಹವಾಮಾನಕ್ಕೆ 'ಮೇಘದೂತ್' ಆ್ಯಪ್ ಇದೆ.

ಯಾರ ನೆರವು ಕೇಳಬಹುದು?

ಮಣ್ಣು ಪರೀಕ್ಷೆ, ಬೀಜ ವಿಷಯಕ್ಕೆ ಹೋಬಳಿಯ ರೈತ ಸಂಪರ್ಕ ಕೇಂದ್ರ. ಹತ್ತು ವಾರದಲ್ಲಿ ಒಂದು ದಿನ ಬಂದು ಪಾಠ ಮಾಡಿ ಅಂತ ಹಾಡೋನಹಳ್ಳಿ ಕೃಷಿ ವಿಜ್ಞಾನ ಕೇಂದ್ರಕ್ಕೆ ಪತ್ರ ಬರೆಯಿರಿ. ಪತ್ರದಲ್ಲಿ ಎಷ್ಟು ಜನ, ಯಾವ ಬೆಳೆ, ಯಾವ ಪ್ರಶ್ನೆ ಅಂತ ಸ್ಪಷ್ಟ ಇರಲಿ. ತರಕಾರಿ ತಳಿ, ಬೀಜಕ್ಕೆ ಹೆಸರಘಟ್ಟ. ಗುಂಪು ಗಟ್ಟಿಯಾದ ಮೇಲೆ ಸಾವಯವಕ್ಕೆ ಹೋಗೋ ಮನಸ್ಸಿದ್ರೆ ಪಿಜಿಎಸ್ ಪದ್ಧತಿ ನೋಡಿ. ಕನಿಷ್ಠ ಐದು ರೈತರು ಗುಂಪಾಗಿ, ಒಬ್ಬರ ಹೊಲವನ್ನು ಇನ್ನೊಬ್ಬರು ಪರಿಶೀಲಿಸಿ ಪ್ರಮಾಣಪತ್ರ ಪಡೆಯೋ ವ್ಯವಸ್ಥೆ ಅದು. ಹತ್ತು ಭಾನುವಾರ ಒಟ್ಟಿಗೆ ಕೂತವರಿಗೆ ಇದು ಕಷ್ಟ ಅನ್ನಿಸಲ್ಲ.

ಈ ವಾರ ನೀವು ಮಾಡಬೇಕಾದ ಐದು ಕೆಲಸ

1. ಐದು ಜನರನ್ನು ಒಪ್ಪಿಸಿ. ಮಿಕ್ಕವರು ಮೊದಲ ಭಾನುವಾರ ನೋಡಿಕೊಂಡು ಬರ್ತಾರೆ.
2. ಒಂದು ಗುಂಟೆ ಜಾಗ ಗುರುತಿಸಿ, ಒಪ್ಪಿಗೆ ತಗೊಳ್ಳಿ.
3. ಇಬ್ಬರು ಅಜ್ಜಿಯರ ಮನೆಗೆ ಹೋಗಿ ಕರೆಯಿರಿ. ಫೋನ್ ಮಾಡೋದಲ್ಲ, ಹೋಗಿ ಕರೆಯಿರಿ.
4. ಒಂದು ನೋಟ್‌ಬುಕ್, ಒಂದು ಸ್ಕೇಲ್, ಒಂದು ತಕ್ಕಡಿ ಹೊಂದಿಸಿ. ಇವು ಮೂರು ಇಲ್ಲದೆ ಶುರು ಮಾಡಬೇಡಿ.
5. ನಿಮ್ಮ ಸ್ವಂತ ಹೊಲದ ಮಣ್ಣನ್ನು ಇವತ್ತೇ ಬಾಟಲಿಗೆ ಹಾಕಿ ಅಲ್ಲಾಡಿಸಿ ಇಡಿ. ನಾಳೆ ಬೆಳಗ್ಗೆ ಪದರ ಅಳೆದು ಬರೆಯಿರಿ.

ಮುಂದಿನ ವಾರ ಸಸಿ ತಟ್ಟೆಗೆ ಮನೆಯಲ್ಲೇ ಗೊಬ್ಬರದ ಮಿಶ್ರಣ ಮಾಡೋದು ಹೇಗೆ, ಸಸಿ ಕೊಳೆ ರೋಗ ತಡೆಯೋದು ಹೇಗೆ ಅಂತ ನೋಡೋಣ. ಅಲ್ಲಿ ತನಕ ಶುಭವಾಗಲಿ, ಭರಣಿ ಮಳೆ ನಿಮ್ಮ ಹೊಲದಲ್ಲಿ ಚೆನ್ನಾಗಿ ಇಂಗಲಿ.